ಎಣ್ಣೆಗೆ ಅಳತೆ ಉಂಟು, ಬಾಣಂತಿಯ ರಕ್ತಕ್ಕಿಲ್ಲ!

ರಾಯಚೂರಿನ ರಾಜೇಂದ್ರ ಗಂಜಿಗೆ ಹೋಗಿ ನೋಡಿ. ಕ್ವಿಂಟಲ್ ಹತ್ತಿಗೆ ಅರ್ಧ ಕಿಲೋ ಹೆಚ್ಚುಕಡಿಮೆಯಾದರೆ ರೈತ ಸುಮ್ಮನಿರುವುದಿಲ್ಲ, ದಲಾಲಿ ಸುಮ್ಮನಿರುವುದಿಲ್ಲ, ಹಮಾಲನೂ ಹೆಗಲ ಮೇಲಿನ ಚೀಲ ಇಳಿಸಿ ನಿಂತುಬಿಡುತ್ತಾನೆ. ಸಣ್ಣ ಕಿರಾಣಿ ಅಂಗಡಿಯವನು ಕಣ್ಣಳತೆಯಲ್ಲಿ ಎಣ್ಣೆ ಸುರಿದು, ‘ಇದು ಒಂದು ಲೀಟರ್ ಇದ್ದೀತು, ತಗೊಂಡು ಹೋಗಪ್ಪ’ ಎಂದರೆ ಯಾವ ಗಿರಾಕಿ ಒಪ್ಪುತ್ತಾನೆ? ಅವನ ಅಳತೆಯ ಪಾತ್ರೆಯ ಮೇಲೆ ಸರಕಾರದ ಮುದ್ರೆ ಇಲ್ಲದಿದ್ದರೆ ಕಾನೂನು ಮಾಪನ ಇಲಾಖೆಯ ಸಾಹೇಬರು ಬಂದು ದಂಡ ಹಾಕುತ್ತಾರೆ. ಹಾಕಲಿ, ಅದು ನ್ಯಾಯ. ಆದರೆ ಅದೇ ಸರಕಾರದ ದವಾಖಾನೆಯಲ್ಲಿ, ಹೆರಿಗೆ ಕೋಣೆಯ ಮಂಚದ ಮೇಲೆ, ಒಬ್ಬ ತಾಯಿಯ ಮೈಯಿಂದ ಎಷ್ಟು ರಕ್ತ ಹೋಯಿತೆಂಬುದನ್ನು ಕಣ್ಣಿನಲ್ಲಿ ನೋಡಿ ಹೇಳುತ್ತಾರೆ! ಅಲ್ಲಿ ಮುದ್ರೆ ಬೇಡ, ಅಳತೆ ಬೇಡ, ದಂಡವೂ ಇಲ್ಲ.

ಈ ಮಾತು ನಮ್ಮ ತಲೆಗೆ ಹೊಕ್ಕಿದ್ದು ಗುಂಜಹಳ್ಳಿಯಲ್ಲಿ. ಅಲ್ಲಿಂದ ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ಕೆಲಸಕ್ಕೆ ಬರುವ ಒಬ್ಬ ಸಂಗಾತಿಯ ಹೆಂಡತಿ ಹೊಟ್ಟೆಯಲ್ಲಿ ಎಂಟು ತಿಂಗಳ ಕೂಸು ಇಟ್ಟುಕೊಂಡೇ ಹತ್ತಿ ಬಿಡಿಸಲು ಹೋದವಳು. ಹೆರಿಗೆ ಸುಸೂತ್ರವಾಯಿತು, ಮಗು ಅತ್ತಿತು, ಬೆಲ್ಲ ಹಂಚಿದರು. ಆಮೇಲೆ ರಕ್ತ ನಿಲ್ಲಲಿಲ್ಲ. ಯಾವ ದವಾಖಾನೆ ಎಂಬುದನ್ನು ನಾವು ಬರೆಯುವುದಿಲ್ಲ. ಬರೆದರೆ ಒಬ್ಬ ನರ್ಸಮ್ಮನಿಗೆ ನೋಟೀಸು ಹೋಗುತ್ತದೆ, ಮಿಕ್ಕಿದ್ದೆಲ್ಲ ಇದ್ದಂತೆಯೇ ಇರುತ್ತದೆ. ಆ ಹೆಂಗಸಿನ ಅತ್ತೆ ನಮ್ಮ ಮುಂದೆ ಹೇಳಿದ ಮಾತು ಇಷ್ಟು: ‘ಮಾಸ್ತರ್ರೇ, ಎರಡು ಸೀರಿ ತೊಯ್ದು ಮೂರನೇದು ಹಾಸಿದ್ವಿ. ನರ್ಸಮ್ಮಗ ಹೇಳಿದ್ರ, ಹೆರಿಗಿ ಅಂದಮ್ಯಾಲ ಇಷ್ಟು ಹೋಗೂದೇ ಅಂದ್ಳು.’ ಕೊನೆಗೆ ಮೈ ತಣ್ಣಗಾದ ಮೇಲೆ ಗಾಡಿ ಕರೆಸಿದರು, ರಾಯಚೂರಿಗೆ ಓಡಿಸಿದರು. ನಾಲ್ಕು ಬಾಟಲಿ ರಕ್ತ ಏರಿತು, ಗರ್ಭಕೋಶ ತೆಗೆದರು, ಜೀವ ಉಳಿಯಿತು. ಆ ಸಂಗಾತಿಯ ಕೊರಳಿಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲ ಬಿತ್ತು. ಅವಳು ಸಾಯಲಿಲ್ಲವಾದ್ದರಿಂದ ಸಾವಿನ ಯಾವ ಲೆಕ್ಕದಲ್ಲಿಯೂ ಅವಳ ಹೆಸರಿಲ್ಲ. ಇಪ್ಪತ್ತೆರಡು ವರ್ಷಕ್ಕೆ ಬಂಜೆಯಾದವಳಿಗೆ ಸರಕಾರದ ಪುಸ್ತಕದಲ್ಲಿ ಕಲಮೇ ಇಲ್ಲ.

ನರ್ಸಮ್ಮನ ಮೇಲೆ ಕಲ್ಲೆಸೆಯುವುದು ಸುಲಭ. ದವಾಖಾನೆಯ ಗಾಜು ಒಡೆದು ಬಂದು ಎದೆ ತಟ್ಟಿಕೊಳ್ಳುವ ಶೂರರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ನಾವು ಹೇಳುವುದೇನೆಂದರೆ, ಕಣ್ಣು ಎಲ್ಲರಿಗೂ ಮೋಸ ಮಾಡುತ್ತದೆ. ರಕ್ತ ಒಂದೇ ಪಾತ್ರೆಯಲ್ಲಿ ಬೀಳುವುದಿಲ್ಲ. ಸೀರೆಗೆ ಅಷ್ಟು, ಅರಳೆಗೆ ಅಷ್ಟು, ಹಾಸಿಗೆಗೆ ಅಷ್ಟು ಹೀರಿಹೋಗುತ್ತದೆ, ಹೆರಿಗೆಯ ನೀರಿನಲ್ಲಿ ಬೆರೆಯುತ್ತದೆ, ಹನಿಹನಿಯಾಗಿ ತಾಸುಗಟ್ಟಲೆ ಸೋರುತ್ತದೆ. ಅರ್ಧ ಲೀಟರ್ ದಾಟಿತೆಂದರೆ ಅಪಾಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ಆ ಅರ್ಧ ಲೀಟರ್ ಯಾವಾಗ ದಾಟಿತು? ಒಬ್ಬಳೇ ನರ್ಸು, ಪಕ್ಕದ ಮಂಚದಲ್ಲಿ ಇನ್ನೊಬ್ಬಳ ಬೇನೆ, ಹೊರಗೆ ನೆಂಟರ ಗಲಾಟೆ. ಇಂಥಲ್ಲಿ ಯಾರ ಕಣ್ಣು ಅಳೆದೀತು? ಕಲಿತ ವೈದ್ಯರ ಕಣ್ಣಿಗೂ ಈ ಲೆಕ್ಕ ಸಿಕ್ಕುವುದಿಲ್ಲ. ಇದು ಊಹೆಯ ಮಾತಲ್ಲ, ಅಳೆದು ನೋಡಿದ್ದಾರೆ. ಎಲ್ಲಿ ಅಳೆದರು ಗೊತ್ತೆ? ಲಂಡನ್ನಿನಲ್ಲಲ್ಲ, ಅಮೆರಿಕದಲ್ಲಲ್ಲ. ನಮ್ಮ ಬೆಳಗಾವಿಯಲ್ಲಿ!

ಈ ಕತೆಯನ್ನು ನಮ್ಮ ಓದುಗರು ಪೂರಾ ಕೇಳಬೇಕು. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನ ತನಕ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಕೊಡಕಣಿ, ಡಾ. ಶಿವಪ್ರಸಾದ ಗೌಡರ, ಡಾ. ಬೆಲ್ಲದ ಮುಂತಾದವರೂ ಅಮೆರಿಕದ ಡಾ. ರಿಚರ್ಡ್ ಡರ್ಮನ್ನರೂ ಸೇರಿ ನಡೆಸಿದ್ದು ಅದು. ಕೇಳಿದ ಪ್ರಶ್ನೆ ಸರಳವಾದದ್ದು: ವೈದ್ಯರಿಲ್ಲದ ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆಯಾದಾಗ, ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯನ್ನು ನರ್ಸಮ್ಮ ನುಂಗಿಸಿದರೆ ರಕ್ತಸ್ರಾವ ತಗ್ಗುತ್ತದೆಯೆ? 1,620 ತಾಯಂದಿರು ಒಪ್ಪಿ ಬಂದರು. 812 ಮಂದಿಗೆ ಮದ್ದಿನ ಗುಳಿಗೆ, 808 ಮಂದಿಗೆ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ತಿಳಿಯದು, ನುಂಗಿದವರಿಗೂ ತಿಳಿಯದು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ಹೋದ ರಕ್ತವನ್ನು ಅಳೆದವರು, ಎಲ್ಲರೂ ಹಳ್ಳಿಯ 25 ಸಹಾಯಕ ನರ್ಸುಗಳು. ಅಳೆಯುವುದಕ್ಕೆಂದೇ ಆ ತಂಡ ಒಂದು ಪ್ಲಾಸ್ಟಿಕ್ ಹಾಳೆ ಮಾಡಿತು. ಬ್ರಾಸ್-ವಿ ಎಂದು ಅದಕ್ಕೆ ಹೆಸರು. ಕೂಸು ಹುಟ್ಟಿದ ಕೂಡಲೆ ತಾಯಿಯ ಸೊಂಟದ ಕೆಳಗೆ ಹಾಸಿ ದಾರ ಕಟ್ಟುವುದು; ಅದರ ತುದಿಯಲ್ಲಿ ಆಲಿಕೆಯ ಹಾಗೆ ಒಂದು ಚೀಲ; ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಅಷ್ಟೆ. ಯಂತ್ರವಲ್ಲ, ಬ್ಯಾಟರಿಯಿಲ್ಲ, ಕರೆಂಟು ಬೇಡ. ಅಂಗಡಿಯವನ ಎಣ್ಣೆಯ ಪಾತ್ರೆಗೂ ಅದಕ್ಕೂ ತತ್ವದಲ್ಲಿ ಏನೂ ಭೇದವಿಲ್ಲ.

ಫಲಿತಾಂಶ 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮದ್ದಿಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವ. ಮದ್ದು ನುಂಗಿದವರಲ್ಲಿ 6.4. ಜೀವಕ್ಕೆ ಎರವಾಗುವಂಥ ಸ್ರಾವ 1.2ರಿಂದ 0.2ಕ್ಕೆ ಇಳಿಯಿತು. ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ಸ್ರಾವ ತಪ್ಪಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಲೇಖನದಲ್ಲಿ ಬೆಳಗಾವಿಯವರು ಕಣ್ಣನ್ನೂ ಹಾಳೆಯನ್ನೂ ಹೋಲಿಸಿದರು. ಕಣ್ಣು ಹೇಳಿದ ಲೆಕ್ಕ ಹಾಳೆಯ ಲೆಕ್ಕಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ! ಎಂದರೆ, ಮುನ್ನೂರು ಹೋಗಿದ್ದರೆ ಕಣ್ಣು ಇನ್ನೂರು ಎನ್ನುತ್ತದೆ. ಯಾವ ಕಿರಾಣಿ ಅಂಗಡಿಯಲ್ಲಿ ಈ ತೂಕ ನಡೆದೀತು?

ಆ 808 ತಾಯಂದಿರ ವಿಷಯದಲ್ಲಿ ಒಂದು ಮಾತು. ಪರೀಕ್ಷೆ ಎಂದಮೇಲೆ ಒಂದು ಕಡೆಗೆ ಮದ್ದಿಲ್ಲದ ಗುಳಿಗೆ ಕೊಡದೆ ಆಗುವುದಿಲ್ಲ ಎನ್ನುತ್ತಾರೆ, ಒಪ್ಪಿದೆವು. ಇದನ್ನು ದೂರೆಂದು ಬರೆಯುತ್ತಿಲ್ಲ. ಆದರೆ ಸಾಲ ಸಾಲವೇ. ಕರ್ನಾಟಕದ ಹಳ್ಳಿಯ ಬಡ ಹೆಂಗಸರು ತಮ್ಮ ಮೈಯನ್ನು ಒತ್ತೆಯಿಟ್ಟು ಜಗತ್ತಿಗೆ ಒಂದು ವಿದ್ಯೆಯನ್ನು ಗಳಿಸಿಕೊಟ್ಟರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗುಳಿಗೆಯನ್ನು ಬಾಣಂತಿ ರಕ್ತಸ್ರಾವ ತಡೆಯಲು ಅತ್ಯಗತ್ಯ ಮದ್ದುಗಳ ಪಟ್ಟಿಗೆ ಸೇರಿಸಿತು. ಜಗತ್ತು ಸಾಲ ತೀರಿಸುವುದಕ್ಕೆ ತೊಡಗಿತು. ಮನೆಯವರಿಗೋ, ಹಿತ್ತಲ ಗಿಡ ಮದ್ದಲ್ಲ!

ಹಿತ್ತಲ ಗಿಡ ಸಮುದ್ರ ದಾಟಿ ಏನು ಮಾಡಿತೆಂಬುದನ್ನೂ ಕೇಳಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಮುಂದೆ ನಿಂತು ಆಫ್ರಿಕದ ಕೀನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಹೆರಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ‘ಇ-ಮೋಟಿವ್’ ಎಂದು ಆ ಪರೀಕ್ಷೆಯ ಹೆಸರು. ಫಲಿತಾಂಶ ಬಂದದ್ದು 2023ರಲ್ಲಿ. ಅವರು ಹೊಸ ಮದ್ದು ಕಂಡುಹಿಡಿಯಲಿಲ್ಲ. ಗೆರೆ ಹಾಕಿದ ಇಂಥದೇ ಹಾಳೆಯನ್ನು ಪ್ರತಿ ತಾಯಿಗೂ ಹಾಸಿದರು. ರಕ್ತ ಗೆರೆ ಮುಟ್ಟಿದ ಕೂಡಲೆ ಐದು ಕೆಲಸಗಳನ್ನು ಒಂದರ ಹಿಂದೊಂದು ಕಾಯುತ್ತ ಕೂರದೆ ಒಟ್ಟಿಗೆ ಮಾಡಿದರು: ಗರ್ಭಕೋಶವನ್ನು ತಿಕ್ಕಿ ಗಟ್ಟಿ ಮಾಡುವುದು, ಅದನ್ನು ಕುಗ್ಗಿಸುವ ಸೂಜಿ, ರಕ್ತ ಹೆಪ್ಪುಗಟ್ಟಿದ್ದು ಕರಗದಂತೆ ಹಿಡಿಯುವ ಟ್ರಾನೆಕ್ಸಾಮಿಕ್ ಆಮ್ಲ, ನರಕ್ಕೆ ಸಲೈನು, ಗಾಯವೆಲ್ಲಿದೆ ಎಂದು ಹುಡುಕಿ ನೋಡಿ ದೊಡ್ಡ ವೈದ್ಯರನ್ನು ಕರೆಯುವುದು. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿ ಸ್ರಾವದ ಪ್ರಕರಣಗಳ ಪೈಕಿ ನೂರಕ್ಕೆ 51 ಮಾತ್ರ ಗುರುತಿಗೆ ಸಿಕ್ಕಿದವು. ಹಾಳೆ ಹಾಸಿದಲ್ಲಿ 93. ಒಂದು ಲೀಟರ್ ದಾಟಿದ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಈ ಮೂರನ್ನು ಕೂಡಿಸಿ ನೋಡಿದರೆ ಹಳೆಯ ಪದ್ಧತಿಯಲ್ಲಿ ನೂರಕ್ಕೆ 4.3, ಹೊಸದರಲ್ಲಿ 1.6. ಗುಂಜಹಳ್ಳಿಯ ಆ ಸೊಸೆಯ ಗರ್ಭಕೋಶ ಈ ಎರಡು ಅಂಕಿಗಳ ನಡುವಿನ ಸಂದಿಯಲ್ಲಿ ಬಿದ್ದುಹೋಯಿತು.

ಮೆಟ್ರಿಕ್ಕಿನಾಚೆ ಓದದ ನಮಗೇ ಇದು ಅರ್ಥವಾಗುತ್ತದೆ. ವಿಧಾನಸೌಧದಲ್ಲಿ ಕೂತಿರುವ ಪದವೀಧರರಿಗೆ ಆಗದೇ ಹೋದದ್ದು ಹೇಗೆ?

‘ಹಳ್ಳಿಯ ಹೆಂಗಸರು ತಡವಾಗಿ ಬರುತ್ತಾರೆ, ಅದಕ್ಕೇ ಸಾಯುತ್ತಾರೆ’ ಎಂಬುದು ಅಧಿಕಾರಿಗಳ ಹಳೆಯ ಮಂತ್ರ. ಒಂದು ಕಾಲಕ್ಕೆ ಅದರಲ್ಲಿ ನಿಜವಿತ್ತು. ಆದರೆ 2005ರಲ್ಲಿ ಜನನಿ ಸುರಕ್ಷಾ ಬಂತು, ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿದರು, 2008ರಿಂದ 108 ಗಾಡಿ ಓಡಿತು. ಹೆಂಗಸರು ಸೂಲಗಿತ್ತಿಯನ್ನು ಬಿಟ್ಟು ದವಾಖಾನೆಗೆ ಬಂದರು. ನೀವು ಕರೆದಿರಿ, ಅವರು ಬಂದರು. ಬಂದ ಮೇಲೆ ಸಾಯುವುದಕ್ಕೆ ಯಾರು ಹೊಣೆ? 2024ರ ಬಾಣಂತಿ ಸಾವುಗಳನ್ನು ಕುರಿತು ರಾಜ್ಯ ಸರಕಾರ ತಾನೇ ಮಾಡಿಸಿದ ಪರಿಶೋಧನೆಯ ವರದಿ 2025ರಲ್ಲಿ ಹೊರಬಿತ್ತು. 464 ಸಾವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು ಎಂದು ಅದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದಕ್ಕೆ ಮೆಚ್ಚಿದೆವು, ಆದರೆ ಮುನ್ನೂರಕ್ಕೂ ಮೀರಿದ ತಾಯಂದಿರು ಸುಮ್ಮಸುಮ್ಮನೆ ಸತ್ತರೆಂಬುದು ಒಪ್ಪಿ ಮರೆಯುವ ಮಾತಲ್ಲ.

ಬಳ್ಳಾರಿಯನ್ನು ಮರೆತಿರೇನು? 2024ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಪೈಕಿ ಐವರು ಒಬ್ಬರ ಹಿಂದೊಬ್ಬರು ಹೋದರು. ಪಶ್ಚಿಮ ಬಂಗಾಳದ ಕಂಪನಿಯೊಂದರ ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ ಅನುಮಾನ ಬಂದು ಸರಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಮೇಲೆ ಹೇಳಿದ ಐದು ಕೆಲಸಗಳಲ್ಲಿ ‘ನರಕ್ಕೆ ಸಲೈನು’ ಒಂದು ಎಂಬುದನ್ನು ನೆನಪಿಡಿ. ಜೀವ ಉಳಿಸುವ ಬಾಟಲಿಯೇ ಅನುಮಾನದ ಬಾಟಲಿಯಾದರೆ ಜಗತ್ತಿನ ಯಾವ ಶೋಧನೆಯೂ ನಮ್ಮ ಹೆಂಗಸರನ್ನು ಕಾಯಲಾರದು. ಟೆಂಡರಿನಲ್ಲಿ ಕಡಿಮೆ ದರ ಕೂಗಿದವನಿಗೆ ಗುತ್ತಿಗೆ. ಆದರೆ ಪರೀಕ್ಷೆಗೆ ಕಳಿಸಿದ ಮಾದರಿಯ ವರದಿ ಬರುವ ಮೊದಲೇ ಬಾಟಲಿ ಖಾಲಿಯಾಗುವ ವ್ಯವಸ್ಥೆ ಇದ್ದರೆ ಆ ಪರೀಕ್ಷೆ ಯಾರ ಉಪಯೋಗಕ್ಕೆ?

ಗರ್ಭಕೋಶ ಕುಗ್ಗಿಸುವ ಸೂಜಿಯ ಮಾತೂ ಹೀಗೆಯೇ. ಆಕ್ಸಿಟೋಸಿನ್ ಎಂದರೆ ನಮ್ಮ ಓದುಗರಲ್ಲಿ ಎಮ್ಮೆ ಕಟ್ಟಿದವರು ಕಿವಿ ನಿಮಿರಿಸುತ್ತಾರೆ. ಹಾಲು ಇಳಿಸಲು ಕಳ್ಳತನದಲ್ಲಿ ಚುಚ್ಚುವ ಮದ್ದು ಅದೇ. ಎಮ್ಮೆಗೆ ಎಲ್ಲೆಂದರಲ್ಲಿ ಸಿಗುತ್ತದೆ. ತಾಯಿಗೆ ಬೇಕಾದದ್ದು 2ರಿಂದ 8 ಡಿಗ್ರಿಯ ತಂಪಿನಲ್ಲಿ ಕಾಯ್ದಿಟ್ಟ ಮದ್ದು. ರಾಯಚೂರಿನ ಮೇ ತಿಂಗಳ ಬಿಸಿಲು ಯಾರಿಗೆ ಗೊತ್ತಿಲ್ಲ? ಶಕ್ತಿನಗರದ ಕರೆಂಟು ನಾಡಿಗೆಲ್ಲ ಹೋಗುತ್ತದೆ, ಪಕ್ಕದ ಹಳ್ಳಿಯಲ್ಲಿ ಫ್ರಿಜ್ಜು ಬೆವರುತ್ತದೆ. ತಂಪು ಬೇಡದ ಕಾರ್ಬಿಟೋಸಿನ್ ಎಂಬ ಸೂಜಿಯೂ ಬಂದಿದೆ. ನಮ್ಮ ದೇಶವೂ ಸೇರಿ 10 ದೇಶಗಳ 29,645 ತಾಯಂದಿರ ಮೇಲೆ ಪರೀಕ್ಷಿಸಿ, ಅರ್ಧ ಲೀಟರ್ ದಾಟುವ ಸ್ರಾವ ತಡೆಯುವುದರಲ್ಲಿ ಅದು ಹಳೆಯದಕ್ಕೆ ಕಡಿಮೆಯಲ್ಲವೆಂದು 2018ರಲ್ಲಿ ತೋರಿಸಿದರು. ಟ್ರಾನೆಕ್ಸಾಮಿಕ್ ಆಮ್ಲದ್ದು ಇನ್ನೂ ದೊಡ್ಡ ವಿಷಾದ. ಜಪಾನಿನ ವೈದ್ಯೆ ಉತಾಕೊ ಒಕಾಮೊಟೊ ತಮ್ಮ ಪತಿಯೊಡನೆ ಅದನ್ನು ಲೋಕಕ್ಕೆ ತಿಳಿಸಿದ್ದು 1962ರಲ್ಲಿ. ಬಾಣಂತಿಯರ ಪ್ರಾಣ ಉಳಿಸಬೇಕೆಂಬುದೇ ಆಕೆಯ ಆಸೆಯಾಗಿತ್ತು. ಇಪ್ಪತ್ತು ಸಾವಿರ ಬಾಣಂತಿಯರ ಮೇಲಿನ ದೊಡ್ಡ ಪರೀಕ್ಷೆಯ ಫಲ ಬಂದದ್ದು 2017ರಲ್ಲಿ: ಮೂರು ತಾಸಿನೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ನೂರಕ್ಕೆ 1.7ರಿಂದ 1.2ಕ್ಕೆ ಇಳಿಯುತ್ತದೆ. ಆಕೆ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಐವತ್ತೈದು ವರ್ಷ! ಬಡ ಹೆಂಗಸರ ರೋಗವಲ್ಲದೆ ಧಣಿಗಳ ಹೃದಯದ ರೋಗವಾಗಿದ್ದರೆ ಇಷ್ಟು ಕಾಲ ಕಾಯುತ್ತಿದ್ದರೆ?

ಇನ್ನು ರಕ್ತದ ಮಾತು. ಅರ್ಧ ಲೀಟರ್ ಎಂಬ ಗೆರೆ ಮೈತುಂಬ ರಕ್ತವಿದ್ದವಳಿಗೆ. ಜೋಳದ ರೊಟ್ಟಿ, ಖಾರ ತಿಂದು ಹತ್ತಿ ಬಿಡಿಸುವವಳ ಮೈಯಲ್ಲಿ ಇರುವುದೆಷ್ಟು? ಕರ್ನಾಟಕದ ಗರ್ಭಿಣಿಯರಲ್ಲಿ ರಕ್ತಹೀನತೆ ಇದ್ದವರು 2015-16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 45.4, 2019-21ರ ಸಮೀಕ್ಷೆಯಲ್ಲಿ 45.7. ಎಷ್ಟು ಯೋಜನೆ, ಎಷ್ಟು ಗುಳಿಗೆ, ಎಷ್ಟು ಭಾಷಣ! ಒಂದು ಕೂದಲೂ ಅಲ್ಲಾಡಲಿಲ್ಲ. 2023ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದ ಪ್ರಕಾರ, ಮಧ್ಯಮ ರಕ್ತಹೀನತೆಯ ತಾಯಂದಿರಲ್ಲಿ ಅತಿ ಸ್ರಾವ ನೂರಕ್ಕೆ 6.2, ತೀವ್ರ ರಕ್ತಹೀನತೆಯವರಲ್ಲಿ 11.2. ಇಲ್ಲದವಳಿಂದಲೇ ಹೆಚ್ಚು ಹರಿಯುತ್ತದೆ; ಸಾಹುಕಾರನ ಬಡ್ಡಿಯ ಹಾಗೆ.

ಎಂಟನೆಯ ತಿಂಗಳಲ್ಲಿ ಅವಳು ಏಕೆ ಹತ್ತಿ ಬಿಡಿಸಬೇಕಿತ್ತು ಎಂದು ಕೇಳುವ ಮಹನೀಯರಿಗೆ ಮಿಲ್ಲಿನ ಕಡೆಯಿಂದ ಉತ್ತರ ಕೊಡುತ್ತೇವೆ. 1948ರ ಇ.ಎಸ್.ಐ. ಕಾಯಿದೆ ‘ಹಂಗಾಮಿ ಕಾರ್ಖಾನೆ’ಗಳನ್ನು ಹೊರಗಿಟ್ಟಿತು, ಆ ಹಂಗಾಮಿ ಪಟ್ಟಿಯಲ್ಲಿ ಹತ್ತಿ ಜಿನ್ನಿಂಗ್ ಇದೆ, ಪ್ರೆಸ್ಸಿಂಗ್ ಇದೆ, ಶೇಂಗಾ ಸುಲಿಯುವುದೂ ಇದೆ. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಬಾಗಿಲನ್ನು ಹಾಕಿಯೇ ಇಟ್ಟಿತು. ಜಿನ್ನಿಂಗ್ ಮಿಲ್ಲು ಹಂಗಾಮಿ. ಆದರೆ ಹೊಟ್ಟೆ ಹಂಗಾಮಿಯೆ? ಬಸಿರು ಹಂಗಾಮು ನೋಡಿ ನಿಲ್ಲುತ್ತದೆಯೆ? ಗಂಡನಿಗೆ ಇ.ಎಸ್.ಐ. ಇಲ್ಲ, ಹೆಂಡತಿಗೆ ಕೂಲಿಯ ಹೊರತು ಇನ್ನೊಂದಿಲ್ಲ. ಅವಳು ಹೊಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ದುಡ್ಡಿಲ್ಲ ಎನ್ನುವಂತಿಲ್ಲ. ಕಲ್ಯಾಣ ಕರ್ನಾಟಕದ ಮಂಡಳಿಗೆ 5,000 ಕೋಟಿ ಎಂದು 2023-24ರ ಬಜೆಟ್ಟಿನಲ್ಲಿ ಡಂಗುರ ಸಾರಿದರು. ಆ ಹಣದ ಚಿಲ್ಲರೆಯಲ್ಲಿ ಜಿಲ್ಲೆಯ ಪ್ರತಿ ಹೆರಿಗೆಗೂ ಗೆರೆಯ ಹಾಳೆ ಬರುತ್ತದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ನಾವೂ ಆ ಪೆಂಡಾಲಿನಲ್ಲಿ ಕೂತವರೇ. ಬರಲಿ ಏಮ್ಸ್. ಆದರೆ ಅದರ ಬುನಾದಿ ಕಲ್ಲು ಬೀಳುವತನಕ ಒಂದು ಪ್ಲಾಸ್ಟಿಕ್ ಹಾಳೆಯೂ ಕಾದು ಕೂರಬೇಕೆ? ನೆರೆಯ ಕೇರಳದಲ್ಲಿ 2004ರಿಂದ ಪ್ರಸೂತಿ ವೈದ್ಯರ ಸಂಘವೇ ಪ್ರತಿ ಬಾಣಂತಿ ಸಾವಿನ ಕಾಗದಗಳನ್ನು ತರಿಸಿ, ಹೆಸರು ಅಳಿಸಿ, ಯಾರನ್ನೂ ಗಲ್ಲಿಗೇರಿಸದೆ, ಎಲ್ಲಿ ತಪ್ಪಿತೆಂದು ಕೂತು ಓದುತ್ತದೆ. 2018-20ರಲ್ಲಿ ಲಕ್ಷ ಹೆರಿಗೆಗೆ ಅಲ್ಲಿ ಸತ್ತವರು 19, ನಮ್ಮಲ್ಲಿ 69. ಅಲ್ಲಿಯ ಹೆಂಗಸರ ಮೈಯಲ್ಲಿ ಹರಿಯುವುದೂ ಕೆಂಪು ರಕ್ತವೇ.

ನಮ್ಮವರ ತಪ್ಪನ್ನೂ ಮುಚ್ಚಿಡುವುದಿಲ್ಲ. ಗುಂಜಹಳ್ಳಿಯ ಕಟ್ಟೆಯ ಮೇಲೆ ನಾವು ಈ ಮಾತು ಎತ್ತಿದಾಗ ಗಂಡಸರು ನೆಲ ನೋಡಿದರು. ಒಬ್ಬ ಹಿರಿಯ ಸಂಗಾತಿ, ‘ಇದು ಹೆಂಗಸರ ಮಾತ್ರಿ ಮಾಸ್ತರ್ರೇ, ನಾವು ಬೋನಸ್ಸಿನ ಮಾತಾಡೋಣ’ ಎಂದರು. ಹಿಂದೆ ಕೂತಿದ್ದ ಆ ಅತ್ತೆ ಎದ್ದು ನಿಂತು, ‘ನಿಮ್ಮ ಬೋನಸ್ಸು ನನ್ನ ಸೊಸಿ ಬಾಟ್ಲಿಗೆ ಹೋತಲ್ಲೋ ಯಪ್ಪಾ’ ಎಂದಳು. ಆಮೇಲೆ ಯಾರೂ ಬೋನಸ್ಸಿನ ಮಾತೆತ್ತಲಿಲ್ಲ.

ಅಂದೇ ಆ ಕಟ್ಟೆಯ ಮೇಲೆ ಅರ್ಜಿ ಬರೆದೆವು. 2005ರ ಮಾಹಿತಿ ಹಕ್ಕಿನಡಿ ಕೇಳುವ ಐದೇ ಪ್ರಶ್ನೆ: ಈ ದವಾಖಾನೆಯ ಹೆರಿಗೆ ಕೋಣೆಯಲ್ಲಿ ರಕ್ತ ಅಳೆಯುವ ಹಾಳೆ ಕಳೆದ ವರ್ಷ ಎಷ್ಟು ಬಂದವು, ಎಷ್ಟು ಖರ್ಚಾದವು? ಟ್ರಾನೆಕ್ಸಾಮಿಕ್ ಆಮ್ಲ ಯಾವ ಯಾವ ತಿಂಗಳು ಇರಲಿಲ್ಲ? ಆಕ್ಸಿಟೋಸಿನ್ ಇಟ್ಟ ಫ್ರಿಜ್ಜಿನ ಉಷ್ಣತೆಯ ಪುಸ್ತಕದ ನಕಲು ಕೊಡಿ. ಸಲೈನು ಬಾಟಲಿಗಳ ಬ್ಯಾಚು ಸಂಖ್ಯೆಯೂ ಪರೀಕ್ಷೆಯ ವರದಿಯೂ ಎಲ್ಲಿ? ರಾತ್ರಿ ಪಾಳಿಯಲ್ಲಿ ಎಷ್ಟು ಮಂಚಕ್ಕೆ ಎಷ್ಟು ನರ್ಸು? ಹಾಳೆ ಬಂದಿರುವ ಕಡೆ ಸಂತೋಷ, ಅಲ್ಲಿಯ ನರ್ಸಮ್ಮನಿಗೆ ಶರಣು. ಬಾರದ ಕಡೆ ಉತ್ತರದ ಕಾಗದ ಹಿಡಿದು ಜಿಲ್ಲಾ ಪಂಚಾಯಿತಿಯ ಮುಂದೆ ಹೋಗುತ್ತೇವೆ. ಅರ್ಜಿಯ ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕಾರ್ಡಿನವರಿಗೆ ಅದೂ ಇಲ್ಲ. ಗುಂಜಹಳ್ಳಿಯಿಂದ ಮೊದಲ ಅರ್ಜಿ ಹೋಗಿದೆ, ಅದರ ಮೇಲಿರುವುದು ಆ ಅತ್ತೆಯ ಹೆಬ್ಬೆಟ್ಟು. ನಕಲುಗಳು ಪತ್ರಿಕೆಯ ಕಚೇರಿಯಲ್ಲಿ ಸಿದ್ಧವಿವೆ. ದೇವದುರ್ಗದವರು, ಮಾನ್ವಿಯವರು ಸಂತೆಗೆ ಬಂದಾಗ ಒಯ್ಯಬಹುದು. ಗಂಜಿನ ಹಮಾಲರಿಗೂ ಅಂಗಡಿಕಾರರಿಗೂ ನಾವೇ ತಂದುಕೊಡುತ್ತೇವೆ.